ಮೋಟಾರು ಗಾಡಿಯಲ್ಲಿ ಮಗುವಿನ ಪೀಠ

ವಾಚಕ ಮಹಾಶಯರೇ, ನಿಮ್ಮ ಮನೆಯೊಳಗೆ ಒಂದು ಎಳೆಯ ಮಗುವೂ ಬಾಗಿಲ ಮುಂದೆ ಒಂದು ಸಣ್ಣ ಕಾರೂ ಇದ್ದರೆ ಈ ಲೇಖನ ನಿಮಗಾಗಿಯೇ ಬರೆದದ್ದು. ಎರಡೂ ಇಲ್ಲದವರು ಕೂಡ ಓದಬಹುದು. ಮಗುವಿರುವ ನಂಟರು, ಕಾರಿರುವ ನೆರೆಯವರು ಯಾರಿಗಿಲ್ಲ?

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮಗಳ ಹೆರಿಗೆಯಾಗಿ ಐದನೆಯ ದಿನ ತಾಯಿಮಗುವನ್ನು ಆಸ್ಪತ್ರೆಯಿಂದ ಮನೆಗೆ ಕರೆತರಬೇಕಾಗಿತ್ತು. ಅಳಿಯಂದಿರು ತಮ್ಮ ಸಣ್ಣ ಕಾರಿನಲ್ಲಿ ಹೊಸದೊಂದು ಶಿಶುಪೀಠವನ್ನು ತಂದಿದ್ದರು. ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಲು ಅರ್ಧ ಗಂಟೆ ಹೆಣಗಿದರು. ಬೆಲ್ಟಿನ ಉದ್ದ ಸಾಲದು. ಸಾಲಿತೆಂದರೆ ಮುಂದಿನ ಸೀಟು ಅಡ್ಡ ಬರುತ್ತದೆ. ನೋಡಿ ನೋಡಿ ಬೇಸತ್ತ ನನ್ನ ಮನೆಯವರು, "ಬಿಡಿ ಅಳಿಯಂದಿರೇ, ಐದು ದಿನದ ಕೂಸನ್ನು ಯಾರಾದರೂ ಕಟ್ಟಿಹಾಕುತ್ತಾರೆಯೇ? ನನ್ನ ಮಡಿಲಿಲ್ಲವೇ?" ಎಂದರು. ನಾನೂ ಹೌದೆಂದೆ. ಪೀಠ ಡಿಕ್ಕಿಗೆ ಹೋಯಿತು. ಮಗು ಅಜ್ಜಿಯ ಮಡಿಲಿಗೆ ಬಂತು.

ದಾರಿಯಲ್ಲಿ ಒಂದು ಎಮ್ಮೆ ಅಡ್ಡ ಬಂತು. ಅಳಿಯಂದಿರು ಬ್ರೇಕು ಒತ್ತಿದರು. ವೇಗವೇನೂ ಹೆಚ್ಚಿರಲಿಲ್ಲ. ಆದರೂ ನನ್ನ ಮನೆಯವರ ಎರಡು ಕೈಗಳೂ ತಾವಾಗಿಯೇ ಎದುರಿನ ಸೀಟಿಗೆ ಊರಿಕೊಂಡವು. ಮಗು ಮೊಣಕಾಲಿನ ತನಕ ಜಾರಿತು. ಪಕ್ಕದಲ್ಲಿದ್ದ ಮಗಳು ಹಿಡಿದುಕೊಂಡಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆ ತಲಪುವವರೆಗೆ ನಮ್ಮಲ್ಲಿ ಒಬ್ಬರೂ ಮಾತಾಡಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನಮ್ಮದು ಕೆಡುವ ಮೊದಲೇ ಬುದ್ಧಿ ಬಂದ ಪುಣ್ಯ. ಮರುದಿನದಿಂದ ನಾನು ಆ ಪೀಠದ ಪೂರ್ವಕಥೆಯನ್ನು ಹುಡುಕಿ ಓದತೊಡಗಿದೆ. ನಮ್ಮ ಮನೆಯಲ್ಲಿ ಆ ದಿನ ನಡೆದ ವಾದವು ದೂರದ ದೇಶಗಳಲ್ಲಿ ಹಿಂದೆಯೇ ನಡೆದು ತೀರ್ಮಾನವಾಗಿದೆ ಎಂಬುದು ಆಗ ತಿಳಿಯಿತು.

ಮೋಟಾರು ಗಾಡಿ ಹುಟ್ಟಿದ್ದು 1886ರಲ್ಲಿ, ಜರ್ಮನಿಯಲ್ಲಿ. ಅನಂತರ ಸುಮಾರು ಅರ್ಧ ಶತಮಾನದ ಕಾಲ ಅದರಲ್ಲಿ ಮಗುವಿಗೆಂದು ಸಿದ್ಧವಾದ ಪೀಠ ಮಾರುಕಟ್ಟೆಗೆ ಬಂದಂತಿಲ್ಲ. 1933ರಲ್ಲಿ ಅಮೆರಿಕದ ಬನ್ನಿ ಬೇರ್ ಎಂಬ ಕಂಪನಿ ಒಂದು ಪೀಠವನ್ನು ತಯಾರಿಸಿತು. ಅದರ ಉದ್ದೇಶ ರಕ್ಷಣೆಯಲ್ಲ. ಮಗು ಎತ್ತರದಲ್ಲಿ ಕುಳಿತು, ಗಾಡಿ ನಡೆಸುವ ತಂದೆತಾಯಿಗಳ ಕಣ್ಣಿಗೆ ಬೀಳುತ್ತಿರಲಿ ಎಂಬುದಷ್ಟೇ. 1940ರ ದಶಕದ ಪೀಠಗಳು ಕಬ್ಬಿಣದ ಚೌಕಟ್ಟಿಗೆ ಕ್ಯಾನ್ವಾಸು ಬಟ್ಟೆ ಬಿಗಿದಂಥವು. ಅವನ್ನು ಮುಂದಿನ ಸೀಟಿಗೆ ಕೊಕ್ಕೆಗಳಿಂದ ತೂಗುಹಾಕುತ್ತಿದ್ದರು. ಮಗು ಗಾಜಿನಾಚೆಗಿನ ಲೋಕವನ್ನು ಕಾಣಲಿ, ಅಳದಿರಲಿ ಎಂದು ಕೆಲವಕ್ಕೆ ಆಟದ ಸ್ಟಿಯರಿಂಗ್ ಚಕ್ರವನ್ನೂ ಜೋಡಿಸಿದ್ದುಂಟು. ಗಾಡಿ ಡಿಕ್ಕಿ ಹೊಡೆದರೆ ಆ ಕೊಕ್ಕೆ ಮಗುವನ್ನು ತಡೆಯುವಂತಿರಲಿಲ್ಲ.

ದೊಡ್ಡವರ ರಕ್ಷಣೆಯಲ್ಲಿ ದೊಡ್ಡ ಹೆಜ್ಜೆ ಬಿದ್ದದ್ದು 1959ರಲ್ಲಿ. ಸ್ವೀಡನ್ನಿನ ವೋಲ್ವೋ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ಅವರು ಎದೆಗೂ ಸೊಂಟಕ್ಕೂ ಅಡ್ಡವಾಗಿ ಹಾಯುವ, ಮೂರು ಕಡೆ ಬಿಗಿಯುವ ಬೆಲ್ಟನ್ನು ರೂಪಿಸಿದರು. ಅದನ್ನು ಇತರ ಕಂಪನಿಗಳೂ ಬಳಸಬಹುದೆಂದು ವೋಲ್ವೋ ಬಿಟ್ಟುಕೊಟ್ಟಿತು. ಆದರೆ ಆ ಬೆಲ್ಟು ಬೆಳೆದವರ ಹೆಗಲಿನ ಮತ್ತು ಸೊಂಟದ ಮೂಳೆಯನ್ನು ನೆಚ್ಚಿಕೊಂಡದ್ದು. ಮಗುವಿಗೆ ಅಂಥ ಗಟ್ಟಿ ಮೂಳೆ ಎಲ್ಲಿಂದ ಬರಬೇಕು? ಬೆಲ್ಟು ಕುತ್ತಿಗೆಗೋ ಹೊಟ್ಟೆಗೋ ಕೂತುಬಿಡುತ್ತದೆ. ಆದಕಾರಣ ಮಗುವಿಗೆ ಬೇರೆಯೇ ಉಪಾಯ ಬೇಕಾಯಿತು. 1962ರಲ್ಲಿ ಬ್ರಿಟನ್ನಿನ ಜೀನ್ ಏಮ್ಸ್ ಎಂಬ ಮಹಿಳೆ ಕವಲೊಡೆದ ಪಟ್ಟಿಯುಳ್ಳ, ಹಿಂಮುಖವಾದ ಪೀಠವನ್ನು ರೂಪಿಸಿದರು. ಅದೇ ಕಾಲಕ್ಕೆ ಅಮೆರಿಕದ ಡೆನ್ವರ್ ನಗರದ ಲೆನರ್ಡ್ ರಿವ್ಕಿನ್ ಅವರು ಲೋಹದ ಚೌಕಟ್ಟಿನ ಮುಮ್ಮುಖ ಪೀಠವನ್ನು ಮಾಡಿದರು. ಮಗುವನ್ನು ನೋಡುವ ಪೀಠ ಮಗುವನ್ನು ಕಾಯುವ ಪೀಠವಾದದ್ದು ಹೀಗೆ.

ಹಿಂಮುಖವಾಗಿ ಏಕೆ? ಇದರ ಮರ್ಮವನ್ನು ವಿಶದಪಡಿಸಿದವರು ಸ್ವೀಡನ್ನಿನ ವೈದ್ಯ, ಪ್ರಾಧ್ಯಾಪಕ ಬರ್ಟಿಲ್ ಆಲ್ಡ್‌ಮನ್. ಆ ದಿನಗಳಲ್ಲಿ ಅಮೆರಿಕ ಜೆಮಿನಿ ಗಗನನೌಕೆಯನ್ನು ಸಿದ್ಧಪಡಿಸುತ್ತಿತ್ತು. ರಾಕೆಟ್ಟು ಮೇಲೇರುವಾಗಿನ ಒತ್ತಡ ಬೆನ್ನಿನ ತುಂಬ ಹರಡಿಹೋಗಲೆಂದು ಗಗನಯಾತ್ರಿಗಳು ಅದರಲ್ಲಿ ಬೆನ್ನಿನ ಮೇಲೆ ಒರಗಿ ಕುಳಿತಿರುತ್ತಿದ್ದರು. ಇದನ್ನು ಕಂಡ ಆಲ್ಡ್‌ಮನ್ನರಿಗೆ ಮಗುವಿನ ನೆನಪಾಯಿತು. ಹುಟ್ಟಿದ ಮಗುವಿನ ತಲೆ ಅದರ ಉದ್ದದ ನಾಲ್ಕನೆಯ ಒಂದು ಪಾಲು. ನಮ್ಮದು ಸುಮಾರು ಎಂಟನೆಯ ಒಂದು ಪಾಲು. ಅಷ್ಟು ಭಾರದ ತಲೆಯನ್ನು ಹೊತ್ತ ಕುತ್ತಿಗೆ ಇನ್ನೂ ಎಳೆಯದು. ಗಾಡಿ ತಟ್ಟನೆ ನಿಂತಾಗ ಮುಮ್ಮುಖವಾಗಿರುವ ಮಗುವಿನ ಮೈಯನ್ನು ಪಟ್ಟಿ ತಡೆಯುತ್ತದೆ, ತಲೆ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹಿಂಮುಖವಾಗಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಪೀಠದ ಒರಗಿನೊಳಕ್ಕೆ ಒತ್ತಿಕೊಳ್ಳುತ್ತವೆ. ಅವರ ಮೊದಲ ಮಾದರಿಯ ಪರೀಕ್ಷೆ 1964ರಲ್ಲಿ ನಡೆಯಿತು. 1972ರಲ್ಲಿ ವೋಲ್ವೋ ಅಂಥ ಪೀಠವನ್ನು ಮಾರಾಟಕ್ಕೆ ತಂದಿತು.

ಇನ್ನು ಕಾನೂನಿನ ಕಥೆ. ಅಮೆರಿಕ 1971ರಲ್ಲಿ ಶಿಶುಪೀಠಗಳಿಗೆ ನಿಯಮ ಮಾಡಿತಾದರೂ, ಗಾಡಿ ಡಿಕ್ಕಿಯಾದಂತೆ ಮಾಡಿ ಪೀಠವನ್ನು ಪರೀಕ್ಷಿಸಬೇಕೆಂಬ ವಿಧಿ ಜಾರಿಗೆ ಬಂದದ್ದು 1981ರಲ್ಲಿ. ಈ ನಡುವೆ ಟೆನ್ನೆಸೀ ಸಂಸ್ಥಾನದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಶಾಸಕರ ಬೆನ್ನು ಹತ್ತಿ, ಮಕ್ಕಳನ್ನು ಪೀಠದಲ್ಲಿಯೇ ಕೂರಿಸತಕ್ಕದ್ದೆಂಬ ಕಾನೂನನ್ನು ಮಾಡಿಸಿದರು. 1978ರ ಜನವರಿ 1ರಂದು ಜಾರಿಗೆ ಬಂದ ಆ ಕಾನೂನು ಅಮೆರಿಕದಲ್ಲಿ ಮೊದಲನೆಯದು. ಆದರೆ ಅದರಲ್ಲಿ ಒಂದು ವಿನಾಯಿತಿ ನುಸುಳಿಕೊಂಡಿತ್ತು: ದೊಡ್ಡವರು ಮಗುವನ್ನು ತೋಳಿನಲ್ಲಿ ಹಿಡಿದುಕೊಂಡಿದ್ದರೆ ಪೀಠ ಬೇಡ! ನೋಡಿದಿರಾ, ನಮ್ಮ ಮನೆಯ ಮಾತು ಅಲ್ಲಿಯ ಶಾಸನಸಭೆಯಲ್ಲಿ ಕಾನೂನೇ ಆಗಿತ್ತು. ಅದನ್ನು ವಿರೋಧಿಸಿದವರು ಮಗುವನ್ನು ಜಜ್ಜುವ ತಿದ್ದುಪಡಿ ಎಂದು ಕರೆದರು. ಕಡೆಗೆ 1981ರಲ್ಲಿ ಆ ವಿನಾಯಿತಿ ರದ್ದಾಯಿತು. 1985ರ ವೇಳೆಗೆ ಅಮೆರಿಕದ ಎಲ್ಲ ಸಂಸ್ಥಾನಗಳಲ್ಲೂ ಇಂಥ ಕಾನೂನು ಬಂದಿತ್ತು.

ಜಜ್ಜುವುದೆಂಬ ಕಠೋರವಾದ ಮಾತೇಕೆ? ಸಣ್ಣ ಲೆಕ್ಕ ಮಾಡಿ ನೋಡೋಣ. ಗಂಟೆಗೆ 50 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಆ ವೇಗದ ಗಾಡಿ ಡಿಕ್ಕಿಯಾಗಿ ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತೆನ್ನಿ. ಆ ಕ್ಷಣದಲ್ಲಿ 3 ಕೆ.ಜಿ.ಯ ಕೂಸು ತೋಳಿಗೆ 40 ಕೆ.ಜಿ.ಗೂ ಮೀರಿದ ಭಾರವಾಗುತ್ತದೆ, 10 ಕೆ.ಜಿ.ಯ ಮಗು 140 ಕೆ.ಜಿ. ಯಾವ ತಾಯಿಯ ತೋಳು ಅದನ್ನು ಹಿಡಿದೀತು? ತಾಯಿಯೂ ಬೆಲ್ಟು ಹಾಕಿಕೊಂಡಿಲ್ಲವಾದರೆ ಅವಳ ಮೈಯೇ ಮಗುವಿನ ಮೇಲೆ ಅಪ್ಪಳಿಸುತ್ತದೆ.

ನಾನು ಕನ್ನಡ ಪಂಡಿತ. ಪದಗಳ ಗೊಡವೆ ಬಿಡಲಾರೆ. ಮಡಿಲೆಂಬುದು ಮಡಿ, ಮಡಿಕೆ ಎಂಬ ಮಾತುಗಳ ಬಳಗದ್ದು. ಸೀರೆ ಮಡಿಯುವಲ್ಲಿ, ಮೈ ಬಾಗುವಲ್ಲಿ ಮಡಿಲು. ಮುತ್ತೈದೆಗೆ ಅಕ್ಕಿ ಕಾಯಿ ತುಂಬುವುದು ಅಲ್ಲಿಯೇ, ಕೂಸು ನಿದ್ದೆ ಹೋಗುವುದೂ ಅಲ್ಲಿಯೇ. ಮನೆಯೊಳಗೆ ಅದಕ್ಕೆ ಸಮನಾದ ಜಾಗ ಇನ್ನೊಂದಿಲ್ಲ. ಆದರೆ ಓಡುವ ಗಾಡಿ ತಟ್ಟನೆ ನಿಂತಾಗಲೂ ಅದು ತನ್ನ ಸ್ವಭಾವದಂತೆ ಮಡಿಯುತ್ತದೆ. ಮಡಿ ಎಂಬುದಕ್ಕೆ ಇನ್ನೊಂದು ಅರ್ಥವೂ ಉಂಟು. ಅದನ್ನು ಇಲ್ಲಿ ಬರೆಯಲು ಕೈ ಬಾರದು.

ನಮ್ಮ ದೇಶಕ್ಕೆ ಬರೋಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಣ್ಣ ಕಾರು ಮಧ್ಯಮ ವರ್ಗದ ಮನೆಬಾಗಿಲಿಗೂ ಬಂತು. ಮಗುವಿನ ಜಾಗ ಮಾತ್ರ ಮಡಿಲಾಗಿಯೇ ಉಳಿಯಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಬಿ ಪ್ರಕರಣದಂತೆ, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಶಿಶುಪೀಠದಿಂದಾಗಲಿ ಭದ್ರಪಡಿಸದೆ ಗಾಡಿ ನಡೆಸಿದರೆ 1000 ರೂಪಾಯಿ ದಂಡ. ದಂಡದ ಭಯಕ್ಕಿಂತ ಮಗುವಿನ ಮೇಲಣ ಮಮತೆ ನಮ್ಮನ್ನು ಎಚ್ಚರಿಸಬೇಕು.

ಪೀಠವನ್ನು ಕೊಂಡರೆ ಸಾಲದು. ಅದನ್ನು ಕೂರಿಸುವ ಬಗೆ ತಿಳಿದಿರಬೇಕು. ಸಣ್ಣ ಕಾರಿನಲ್ಲಿ ಕಷ್ಟವಿರುವುದೇ ಇಲ್ಲಿ. ಕೊಳ್ಳುವ ಮೊದಲು ಸಾಧ್ಯವಾದರೆ ನಿಮ್ಮ ಕಾರಿನಲ್ಲಿಯೇ ಇಟ್ಟು ನೋಡಿರಿ. ಬೆಲ್ಟಿನ ಉದ್ದ ಸಾಲುವುದೋ ಇಲ್ಲವೋ ಆಗಲೇ ತಿಳಿಯುತ್ತದೆ. ಪೀಠದ ಜಾಗ ಹಿಂದಿನ ಸೀಟು. ಮುಂದಿನ ಸೀಟಿನೆದುರು ಗಾಳಿಚೀಲ, ಅಂದರೆ ಏರ್‌ಬ್ಯಾಗು, ಇದ್ದಲ್ಲಿ ಹಿಂಮುಖ ಪೀಠವನ್ನು ಅಲ್ಲಿ ಇಡಲೇಕೂಡದು. ರೆಪ್ಪೆ ಬಡಿಯುವಷ್ಟರಲ್ಲಿ ಉಬ್ಬುವ ಆ ಚೀಲ ಪೀಠದ ಬೆನ್ನಿಗೇ, ಮಗುವಿನ ತಲೆಯ ಬಳಿಯೇ, ಗುದ್ದುತ್ತದೆ. ಹಿಂದೆ ಎಡಗಡೆಯಾದರೆ ಒಳ್ಳೆಯದು: ಎದುರಿನ ಸೀಟನ್ನು ಮುಂದಕ್ಕೆ ಸರಿಸಿ ಜಾಗ ಮಾಡಿಕೊಳ್ಳಬಹುದು, ಚಾಲಕನ ಕಾಲಿಗೆ ತೊಂದರೆಯಿಲ್ಲ, ಮಗುವನ್ನು ಇಳಿಸುವುದೂ ರಸ್ತೆಯ ಅಂಚಿನ ಕಡೆಗೆ.

ಪೀಠದ ಮೇಲೆ ಬೆಲ್ಟಿನ ದಾರಿಯನ್ನು ಗುರುತಿಸಿರುತ್ತಾರೆ; ಯೂರೋಪಿನ ಕ್ರಮದಲ್ಲಿ ಹಿಂಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಕೈಯಿಂದಲೋ ಮೊಣಕಾಲಿನಿಂದಲೋ ಪೀಠವನ್ನು ಒತ್ತಿ ಹಿಡಿದು ಬೆಲ್ಟನ್ನು ಬಿಗಿಯಿರಿ. ಬೆಲ್ಟು ಹಾಯುವ ಎಡೆಯಲ್ಲಿ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಈ ಪೇಚಾಟವನ್ನು ತಪ್ಪಿಸಲೆಂದೇ 1990ರ ದಶಕದಲ್ಲಿ ಐಸೋಫಿಕ್ಸ್ ಎಂಬ ಏರ್ಪಾಡು ರೂಪುಗೊಂಡಿತು: ಸೀಟಿನ ಸಂದಿಯಲ್ಲಿ ಗಾಡಿಯ ಮೈಗೇ ಬೆಸೆದ ಎರಡು ಉಕ್ಕಿನ ಬಳೆಗಳು, ಅವನ್ನು ಕಚ್ಚಿಕೊಳ್ಳುವ ಪೀಠದ ಎರಡು ಕೈಗಳು. ಪೀಠ ಮುಂದಕ್ಕೆ ಮುಗ್ಗರಿಸದಂತೆ ಮೇಲೊಂದು ಪಟ್ಟಿಯೋ ಕೆಳಗೊಂದು ಊರುಗಾಲೋ ಇರುತ್ತದೆ. ಈಚಿನ ಅನೇಕ ಸಣ್ಣ ಕಾರುಗಳಲ್ಲೂ ಈ ಬಳೆಗಳುಂಟು. ಸಂದಿಯಲ್ಲಿ ಬೆರಳಾಡಿಸಿ ನೋಡಿರಿ.

ಹಿಂಮುಖ ಪೀಠದಲ್ಲಿ ಹೆಗಲ ಪಟ್ಟಿ ಮಗುವಿನ ಹೆಗಲಿನ ಮಟ್ಟದಿಂದಲೋ ತುಸು ಕೆಳಗಿನಿಂದಲೋ ಹೊರಡಬೇಕು. ಬಿಗಿದ ಪಟ್ಟಿಯನ್ನು ಹೆಗಲ ಬಳಿ ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು. ಚಳಿಯೆಂದು ದಪ್ಪ ಶಾಲು ಸುತ್ತಿ ಅದರ ಮೇಲೆ ಪಟ್ಟಿ ಬಿಗಿಯಬೇಡಿರಿ. ಮೊದಲು ಪಟ್ಟಿ, ಅದರ ಮೇಲೆ ಹೊದಿಕೆ. ಎಳೆಯ ಕೂಸಿನ ಗದ್ದ ಎದೆಗೆ ಬಿದ್ದು ಉಸಿರು ಕಟ್ಟದಂತೆ ಪೀಠ ಸಾಕಷ್ಟು ಒರಗಿರಬೇಕು. ಎಷ್ಟೆಂಬುದನ್ನು ಪೀಠದ ಗುರುತೇ ತೋರಿಸುತ್ತದೆ. ಉಳಿದ ಸಂದೇಹಕ್ಕೆ ಪೀಠದೊಡನೆ ಬರುವ ಕೈಪುಸ್ತಕವೇ ಪ್ರಮಾಣ.

ನಮ್ಮ ಅಳಿಯಂದಿರು ಆ ಪುಸ್ತಕವನ್ನು ನನ್ನೊಡನೆ ಕುಳಿತು ಓದಿ, ಎಡಗಡೆಯ ಮುಂದಿನ ಸೀಟನ್ನು ಸರಿಸಿ, ಪೀಠವನ್ನು ಭದ್ರವಾಗಿ ಕೂರಿಸಿದರು. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಮಗು ಅದರಲ್ಲಿಯೇ ಹೋಯಿತು. ಅಜ್ಜಿ ಪಕ್ಕದಲ್ಲಿ ತಾವೂ ಬೆಲ್ಟು ಹಾಕಿಕೊಂಡು ಕುಳಿತರು. ಕೂಸು ಅವರ ಕಿರುಬೆರಳನ್ನು ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತಿತ್ತು. "ಮಡಿಲಲ್ಲಿದ್ದಾಗ ಇದರ ಮುಖ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ" ಎಂದರು ನನ್ನ ಮನೆಯವರು.

ವಾಚಕರೇ, ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ಸಲ ಮಗುವನ್ನು ಕರೆದುಕೊಂಡು ಹೊರಡುವ ಮೊದಲು ಪೀಠವನ್ನು ಕೈಯಿಂದ ಹಿಡಿದು ಒಮ್ಮೆ ಅಲುಗಿಸಿ ನೋಡಿರಿ. ಅಂಗುಲಕ್ಕಿಂತ ಹೆಚ್ಚು ಸರಿದರೆ ಹೊರಡುವುದು ಐದು ನಿಮಿಷ ತಡವಾಗಲಿ.