ಹೆಸರು ಮತ್ತು ಕೈಚಳಕ: ಡಿ'ಆಂಜೆಲಿಕೊ ಗಿಟಾರುಗಳ ಇತಿಹಾಸ

ಗಿಟಾರ್ ಎಂದೊಡನೆ ನಮಗೆ ನೆನಪಾಗುವುದು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗಿ ಅಂಗಡಿಯ ಗೋಡೆಗೆ ತೂಗುಹಾಕಿದ ವಾದ್ಯ. ನಮ್ಮ ಮನೆಗಳ ಮಕ್ಕಳು ಸಂಜೆಯ ತರಗತಿಗೆ ಹೆಗಲೇರಿಸಿಕೊಂಡು ಹೋಗುವುದೂ ಬಹುಮಟ್ಟಿಗೆ ಅಂತಹುದನ್ನೇ. ಆದರೆ ವೀಣೆಯಂತೆ, ಪಿಟೀಲಿನಂತೆ, ಕುಶಲಕರ್ಮಿಯ ಕೈಯಲ್ಲಿ ಒಂದೊಂದಾಗಿ ರೂಪುಗೊಂಡ ಗಿಟಾರುಗಳ ಪರಂಪರೆಯೂ ಇದೆ. ಅದರಲ್ಲಿ ಅಗ್ರಮಾನ್ಯವೆನಿಸಿದ ಹೆಸರುಗಳಲ್ಲೊಂದು ನ್ಯೂಯಾರ್ಕಿನ ಜಾನ್ ಡಿ'ಆಂಜೆಲಿಕೊ ಅವರದು. ಅವರು 1964ರಲ್ಲಿ ತೀರಿಕೊಂಡರು. ಆದರೂ ಅವರ ಹೆಸರನ್ನು ಹೊತ್ತ ಹೊಸ ಗಿಟಾರುಗಳು ಇಂದಿನ ಪೀಳಿಗೆಯ ಕೈಗೂ ಬಂದಿವೆ. ಇದು ಹೇಗೆ ಸಾಧ್ಯವಾಯಿತು, ಉಳಿದು ಬಂದುದೇನು, ಕಳೆದುಹೋದುದೇನು ಎಂಬುದೇ ಈ ಲೇಖನದ ವಿಷಯ.

ಕಲಿಕೆಯ ದಿನಗಳು

ಜಾನ್ ಹುಟ್ಟಿದ್ದು 1905ರಲ್ಲಿ, ನ್ಯೂಯಾರ್ಕಿನಲ್ಲಿ ಇಟಲಿಯಿಂದ ಬಂದ ಕುಟುಂಬಗಳು ನೆಲೆಸಿದ್ದ 'ಲಿಟಲ್ ಇಟಲಿ' ಎಂಬ ಬಡಾವಣೆಯಲ್ಲಿ. ಒಂಬತ್ತನೆಯ ವಯಸ್ಸಿಗೇ ಅವರು ತಮ್ಮ ಅಜ್ಜನ ಪೀಳಿಗೆಯ ಬಂಧು ರಾಫೆಲ್ ಚಿಯಾನಿ ಅವರ ಬಳಿ ಕೆಲಸಕ್ಕೆ ಸೇರಿದರು. ಚಿಯಾನಿ ಪಿಟೀಲು, ಮ್ಯಾಂಡೊಲಿನ್ ಮತ್ತು ಗಿಟಾರುಗಳನ್ನು ತಯಾರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಲ್ಲಿನ ಕೆಲಸಗಾರರ ಮೇಲ್ವಿಚಾರಣೆ ಜಾನ್ ಅವರ ಪಾಲಿಗೆ ಬಂತು. ಮೇಲ್ವಿಚಾರಣೆ ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ತಾವೇ ಕೈಯಾರೆ ಮಾಡುವುದರಲ್ಲಿ ಅವರಿಗೆ ತೃಪ್ತಿಯಿತ್ತು. 1932ರಲ್ಲಿ ಮ್ಯಾನ್‌ಹಟನ್‌ನ ಕೆನ್‌ಮೇರ್ ಬೀದಿಯ 40ನೇ ಸಂಖ್ಯೆಯಲ್ಲಿ ಸ್ವಂತ ಅಂಗಡಿ ತೆರೆದರು.

ಪಿಟೀಲಿನ ವಿದ್ಯೆ, ಗಿಟಾರಿನ ದೇಹ

ಅದು ನೃತ್ಯಗೃಹಗಳ ದೊಡ್ಡ ವಾದ್ಯವೃಂದಗಳ ಕಾಲ. ಕಹಳೆ, ಡ್ರಮ್ಮುಗಳ ನಡುವೆ ಸಾಮಾನ್ಯ ಗಿಟಾರಿನ ದನಿ ಕೇಳಿಸುತ್ತಲೇ ಇರಲಿಲ್ಲ. ಗಿಬ್ಸನ್ ಸಂಸ್ಥೆಯು 1922ರಲ್ಲಿ ಹೊರತಂದ 'ಎಲ್-5' ಇದಕ್ಕೊಂದು ಪರಿಹಾರ ತೋರಿಸಿತ್ತು. ಅದರ ಮೇಲ್ಫಲಕ ಚಪ್ಪಟೆಯಾಗಿರದೆ ಪಿಟೀಲಿನಂತೆ ಕಮಾನಾಗಿತ್ತು. ನಡುವಿನ ದುಂಡು ರಂಧ್ರದ ಬದಲು ಪಿಟೀಲಿನಲ್ಲಿರುವಂತಹ ಎರಡು ಬಾಗಿದ ರಂಧ್ರಗಳಿದ್ದವು. ಜಾನ್ ಇದನ್ನೇ ಮಾದರಿಯಾಗಿ ಇಟ್ಟುಕೊಂಡು ಮುಂದೆ ತಮ್ಮದೇ ದಾರಿ ಕಂಡುಕೊಂಡರು.

ಈ ಕಮಾನು ಮರವನ್ನು ಬಗ್ಗಿಸಿ ಮಾಡಿದ್ದಲ್ಲ, ಕೆತ್ತಿ ಮಾಡಿದ್ದು. ಸ್ಪ್ರೂಸ್ ಮರದ ದಪ್ಪ ತುಂಡುಗಳನ್ನು ಜೋಡಿಸಿ, ಉಳಿ ಮತ್ತು ಹತ್ತರಿಗಳಿಂದ ಹೆರೆಯುತ್ತ ಫಲಕವನ್ನು ತೆಳುವಾಗಿಸಬೇಕು. ಹಿಂಬದಿಗೆ ಮತ್ತು ಪಕ್ಕಗಳಿಗೆ ಮೇಪಲ್ ಮರ. ಎರಡು ಮರದ ತುಂಡುಗಳು ಎಂದೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಎಲ್ಲಿ ಎಷ್ಟು ಹೆರೆಯಬೇಕೆಂಬುದಕ್ಕೆ ಅಳತೆಪಟ್ಟಿಯೊಂದೇ ಸಾಲದು. ಫಲಕವನ್ನು ಬೆರಳಿನಿಂದ ತಟ್ಟಿ, ನಾದವನ್ನು ಕಿವಿಯಿಂದಲೂ ಬಾಗುವಿಕೆಯನ್ನು ಕೈಯಿಂದಲೂ ಗ್ರಹಿಸಬೇಕು. ಹಲಸಿನ ಮರದಿಂದ ವೀಣೆಯ ಕೊಡ ಕೊರೆಯುವವರನ್ನು ಕಂಡ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜಾನ್ ಅವರ ಗಿಟಾರುಗಳಲ್ಲಿ 17 ಅಂಗುಲ ಅಗಲದ 'ಎಕ್ಸೆಲ್' ಮತ್ತು 18 ಅಂಗುಲ ಅಗಲದ 'ನ್ಯೂಯಾರ್ಕರ್' ಪ್ರಸಿದ್ಧವಾದವು. ನ್ಯೂಯಾರ್ಕರ್‌ನ ತಲೆಯ ಭಾಗದಲ್ಲಿ ಗಗನಚುಂಬಿ ಕಟ್ಟಡದ ಚಿತ್ತಾರ, ಮೆಟ್ಟಿಲಿನಂತಹ ಅಂಚುಗಳು. ಆ ನಗರದ ಚಹರೆಯೇ ವಾದ್ಯದ ಮೇಲೆ ಮೂಡಿದಂತಿತ್ತು. ಜಾಝ್ ವಾದಕ ಜಾನಿ ಸ್ಮಿತ್, ಚೆಟ್ ಆಟ್ಕಿನ್ಸ್ ಮೊದಲಾದವರು ಈ ಗಿಟಾರುಗಳನ್ನು ನುಡಿಸಿದರು.

ಲೆಕ್ಕದ ಪುಸ್ತಕ

ಬ್ಯಾಂಕಿನಲ್ಲಿ ಲೆಡ್ಜರುಗಳ ನಡುವೆಯೇ ವಯಸ್ಸು ಕಳೆದ ನನ್ನನ್ನು ಈ ಇತಿಹಾಸದಲ್ಲಿ ಹೆಚ್ಚು ಸೆಳೆದುದು ಜಾನ್ ಅವರ ಲೆಕ್ಕದ ಪುಸ್ತಕ. ತಾವು ಮಾಡಿದ ಗಿಟಾರಿನ ಕ್ರಮಸಂಖ್ಯೆ, ಮಾದರಿ, ಕೊಂಡವರ ಹೆಸರು, ಮುಗಿಸಿದ ದಿನಾಂಕಗಳನ್ನು ಅವರು ಬರೆದಿಡುತ್ತಿದ್ದರು. ಸಂಖ್ಯೆ ಆರಂಭವಾಗುವುದು 1001ರಿಂದ, ಮುಗಿಯುವುದು 2164ಕ್ಕೆ. ಎಂದರೆ ಒಟ್ಟು 1,164 ಗಿಟಾರುಗಳು. ಮೂವತ್ತೆರಡು ವರ್ಷಗಳಿಗೆ ಹಂಚಿದರೆ ತಿಂಗಳಿಗೆ ಮೂರು. ಒಂದಿಬ್ಬರು ಸಹಾಯಕರಷ್ಟೇ ಇದ್ದ ಸಣ್ಣ ಅಂಗಡಿಯ ಒಂದು ಬಾಳಿನ ದುಡಿಮೆ ಇದು.

1950ರ ದಶಕದಲ್ಲಿ ವಿದ್ಯುತ್ ಗಿಟಾರುಗಳಿಗೆ ಬೇಡಿಕೆ ಬಂದಾಗ, ಹೊರಗಿನವರು ಮಾಡಿದ ಪದರಮರದ ಒಡಲುಗಳನ್ನು ತರಿಸಿ ಅವುಗಳಿಗೆ ತಾವು ಕತ್ತಿನ ಭಾಗ ಜೋಡಿಸಿ ಮಾರಿದ್ದೂ ಉಂಟು. ಎಂತಹ ಕುಶಲಕರ್ಮಿಗೂ ಮಾರುಕಟ್ಟೆಯ ಋಣ ತಪ್ಪಿದ್ದಲ್ಲ.

ಶಿಷ್ಯನಿಗೆ ದಕ್ಕಿದ್ದು

1952ರಲ್ಲಿ ಜೇಮ್ಸ್ ಡಿ'ಅಕ್ವಿಸ್ಟೊ ಎಂಬ ತರುಣ ಅಂಗಡಿಗೆ ಬಂದು ಸೇರಿದ. 1935ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಇವನನ್ನು ಎಲ್ಲರೂ ಜಿಮ್ಮಿ ಎಂದೇ ಕರೆಯುತ್ತಿದ್ದರು. ಕಸ ಗುಡಿಸುವುದು, ಸಾಮಾನು ತರುವುದು ಮುಂತಾದ ಕೆಲಸಗಳಿಂದ ಆರಂಭಿಸಿ ಕ್ರಮೇಣ ಕಸುಬನ್ನು ಕಲಿತ. 1959ರಲ್ಲಿ ಹಳೆಯ ಕಟ್ಟಡವನ್ನು ಬಿಡಬೇಕಾಯಿತು. ಬಹುಕಾಲದ ಸಹಾಯಕ ವಿನ್ಸೆಂಟ್ ಡಿಸೆರಿಯೊ ಕೂಡ ಬೇರೆಯಾದರು. ಮನನೊಂದ ಜಾನ್ ಕೆಲಕಾಲ ಅಂಗಡಿಯನ್ನೇ ಮುಚ್ಚಿದರು. ಮತ್ತೆ ತೆರೆಯುವಂತೆ ಅವರನ್ನು ಒಪ್ಪಿಸಿದವನು ಜಿಮ್ಮಿ. ಹೃದ್ರೋಗದಿಂದ ಬಳಲುತ್ತಿದ್ದ ಗುರುವಿನ ಜೊತೆ ಕೊನೆಯ ವರ್ಷಗಳಲ್ಲಿ ದುಡಿದವನೂ ಅವನೇ.

1964ರ ಸೆಪ್ಟೆಂಬರ್ 1ರಂದು ಜಾನ್ ನಿಧನರಾದರು. ಅವರಿಗೆ ಆಗ 59 ವರ್ಷ. ಅಂಗಡಿಯಲ್ಲಿ ಅರ್ಧಕ್ಕೆ ನಿಂತಿದ್ದ ಕೊನೆಯ ಹತ್ತು ಗಿಟಾರುಗಳನ್ನು ಜಿಮ್ಮಿ ಮುಗಿಸಿಕೊಟ್ಟರು. ಅನಂತರ ವ್ಯವಹಾರವನ್ನು ಕೊಂಡುಕೊಂಡರಾದರೂ, ವ್ಯಾಪಾರದಲ್ಲಿ ಎಡವಿದ ಕಾರಣ ಡಿ'ಆಂಜೆಲಿಕೊ ಎಂಬ ಹೆಸರಿನ ಹಕ್ಕನ್ನು ಕಳೆದುಕೊಂಡರು. ವಿದ್ಯೆಯನ್ನು ಪೂರ್ಣವಾಗಿ ಬಲ್ಲವನ ಬಳಿ ಹೆಸರಿಲ್ಲ. ಹೆಸರು ಉಳಿದಲ್ಲಿ ಆ ವಿದ್ಯೆಯಿಲ್ಲ!

ಜಿಮ್ಮಿ ತಮ್ಮ ಹೆಸರಿನಲ್ಲಿಯೇ ಗಿಟಾರುಗಳನ್ನು ಮಾಡತೊಡಗಿದರು. ಮೊದಮೊದಲು ಅವು ಗುರುವಿನ ಗಿಟಾರುಗಳಂತೆಯೇ ಇದ್ದವು. ಬರಬರುತ್ತ ಅವರು ಲೋಹದ, ಮುತ್ತಿನ ಚಿಪ್ಪಿನ ಅಲಂಕಾರಗಳನ್ನು ಕೈಬಿಟ್ಟು, ಮರವನ್ನೇ ನೆಚ್ಚಿಕೊಂಡು, ರಂಧ್ರಗಳ ಆಕಾರವನ್ನೂ ಬದಲಿಸಿ ಸ್ವಂತದ್ದನ್ನು ಕಂಡುಕೊಂಡರು. ಗುರುವಿನಂತೆಯೇ 59ನೇ ವಯಸ್ಸಿನಲ್ಲಿ, 1995ರಲ್ಲಿ, ಅವರೂ ತೀರಿಕೊಂಡದ್ದು ವಿಧಿಯ ವಿಚಿತ್ರ.

ಹೆಸರಿನ ಮರುಹುಟ್ಟು

ಇತ್ತ ಹೆಸರು ಬೇರೆಯೇ ದಾರಿಯಲ್ಲಿ ಸಾಗಿತು. 1990ರ ದಶಕದಲ್ಲಿ ಜಪಾನಿನ ವೆಸ್ಟ್ಯಾಕ್ಸ್ ಸಂಸ್ಥೆ ಈ ಹೆಸರಿನಲ್ಲಿ ಗಿಟಾರುಗಳನ್ನು ಹೊರತಂದಿತು. ಆ ದಶಕದ ಕೊನೆಗೆ ಅಮೆರಿಕದ ಜಾನ್ ಫೆರೊಲಿಟೊ ಜೂನಿಯರ್ ಹೆಸರಿನ ಹಕ್ಕನ್ನು ಪಡೆದರು. 2011ರಲ್ಲಿ ಅವರು ಬ್ರೆಂಡನ್ ಕೋಹೆನ್ ಮತ್ತು ಸ್ಟೀವ್ ಪಿಸಾನಿ ಅವರೊಡಗೂಡಿ ನ್ಯೂಯಾರ್ಕಿನಿಂದಲೇ ಡಿ'ಆಂಜೆಲಿಕೊ ಸಂಸ್ಥೆಯನ್ನು ಹೊಸದಾಗಿ ಆರಂಭಿಸಿದರು. ಎಕ್ಸೆಲ್ ಮೊದಲಾದ ಹಳೆಯ ಹೆಸರುಗಳು, ಮೆಟ್ಟಿಲಂಚಿನ ವಿನ್ಯಾಸ ಮರಳಿದವು. ಆದರೆ ಹೆಚ್ಚಿನ ಗಿಟಾರುಗಳು ತಯಾರಾದುದು ದಕ್ಷಿಣ ಕೊರಿಯಾ ಮತ್ತು ಇಂಡೊನೇಷ್ಯಾದ ಕಾರ್ಖಾನೆಗಳಲ್ಲಿ. ಅದೇ 2011ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಜಾನ್, ಜಿಮ್ಮಿ ಮತ್ತು ಜಾನ್ ಮಾಂಟೆಲಿಯೋನ್ ಎಂಬ ಮೂವರ ಗಿಟಾರುಗಳ ಪ್ರದರ್ಶನ ಏರ್ಪಡಿಸಿತು. ಅಂಗಡಿಯಲ್ಲಿ ಹೊಸತು, ಸಂಗ್ರಹಾಲಯದಲ್ಲಿ ಹಳೆಯದು. ಒಂದೇ ನಗರ, ಒಂದೇ ಹೆಸರು.

ಈ ಮರುಹುಟ್ಟನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಸಂಗ್ರಹಕಾರರಿಗಷ್ಟೇ ಎಟುಕುತ್ತಿದ್ದ ಹೆಸರು ಇದರಿಂದ ಸಾಮಾನ್ಯ ವಿದ್ಯಾರ್ಥಿಯನ್ನೂ ಮುಟ್ಟಿತು. ಹೆಸರನ್ನು ಕಂಡವನು ಅದರ ಹಿಂದಿದ್ದ ಮನುಷ್ಯ ಯಾರೆಂದು ಕೇಳಿಯಾನು. ಆದರೆ ಎರಡನ್ನೂ ಒಂದೆಂದು ಬಗೆಯುವುದೂ ತಪ್ಪು. ಬ್ಯಾಂಕಿನಲ್ಲಿ ಖಾತೆದಾರ ತೀರಿಕೊಂಡರೆ ಹಣ ನಾಮಿನಿಗೆ ಸಲ್ಲುತ್ತದೆ. ಸಹಿ ಹಾಕುತ್ತಿದ್ದ ಕೈ ಯಾರಿಗೂ ಸಲ್ಲುವುದಿಲ್ಲ. ಹೆಸರನ್ನು ಒಂದು ಪತ್ರದಿಂದ ಕೊಳ್ಳಬಹುದು. ಕೈಚಳಕವನ್ನಾದರೋ ಜಿಮ್ಮಿಯಂತೆ ಕಸ ಗುಡಿಸುವುದರಿಂದ ಆರಂಭಿಸಿ, ಗುರುವಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತೇ ಪಡೆಯಬೇಕು.

ಆದ್ದರಿಂದ ವೀಣೆಯಾಗಲಿ ಗಿಟಾರಾಗಲಿ, ಮಕ್ಕಳಿಗೆ ವಾದ್ಯ ಕೊಡಿಸುವಾಗ ಅದರ ಮೇಲಿನ ಹೆಸರನ್ನು ಓದಿದ ಬಳಿಕ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಇದನ್ನು ಮಾಡಿದವರು ಯಾರು, ಎಲ್ಲಿ? ಆ ಉತ್ತರ ಸಿಗುವಂತೆ ಪುಸ್ತಕದಲ್ಲಿ ಬರೆದಿಟ್ಟು ಹೋದುದು ಜಾನ್ ಡಿ'ಆಂಜೆಲಿಕೊ ಅವರ ದೊಡ್ಡತನ.