ಡಯಾಲಿಸಿಸ್ ರೋಗಿಗಳಿಗೆ ಕೊರೊನಾ ಲಸಿಕೆ: ರಕ್ಷಣೆ ಎಷ್ಟು, ಎಷ್ಟು ಕಾಲ?

ಮೂತ್ರಪಿಂಡಗಳು ವಿಫಲಗೊಂಡು ಡಯಾಲಿಸಿಸ್ ಆಶ್ರಯಿಸಿರುವವರಿಗೆ ಕೊರೊನಾ ಲಸಿಕೆಯಿಂದ ರಕ್ಷಣೆ ದೊರೆಯುವುದು ನಿಜ. ಆದರೆ ಆ ರಕ್ಷಣೆ ಆರೋಗ್ಯವಂತರಿಗೆ ದೊರೆಯುವಷ್ಟು ಪ್ರಬಲವಲ್ಲ. ಅಷ್ಟು ಕಾಲ ಉಳಿಯುವುದೂ ಇಲ್ಲ. 2021ರಿಂದೀಚೆಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳ ಒಟ್ಟು ಸಾರ ಇದು. ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಅಂತ್ಯಗೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತಾದರೂ ವೈರಾಣು ಮರೆಯಾಗಿಲ್ಲ. ಆದ್ದರಿಂದ ಈ ರೋಗಿಗಳೂ ಅವರ ಮನೆಯವರೂ ಲಸಿಕೆಯ ಶಕ್ತಿ ಮತ್ತು ಮಿತಿ ಎರಡನ್ನೂ ಅರಿತಿರುವುದು ಅಗತ್ಯ.

ಮನೆಯಲ್ಲಿ ಉಳಿಯಲಾಗದವರು

ಸೋಂಕು ಹರಡಿದ್ದ ದಿನಗಳಲ್ಲಿ ಮನೆಯಿಂದ ಹೊರಬರಬೇಡಿ ಎಂಬುದೇ ಸರ್ಕಾರದ ಮೊದಲ ಸಲಹೆಯಾಗಿತ್ತು. ಡಯಾಲಿಸಿಸ್ ರೋಗಿಗಳಿಗೆ ಅದನ್ನು ಪಾಲಿಸುವ ಅವಕಾಶವೇ ಇರಲಿಲ್ಲ. ವಾರಕ್ಕೆ ಎರಡು ಅಥವಾ ಮೂರು ಬಾರಿ ಕೇಂದ್ರಕ್ಕೆ ಹೋಗಿ, ಪ್ರತಿ ಬಾರಿ ಸುಮಾರು ನಾಲ್ಕು ತಾಸು ಇತರ ರೋಗಿಗಳ ಜೊತೆ ಒಂದೇ ಕೊಠಡಿಯಲ್ಲಿ ಮಲಗಿರುವುದು ಅವರಿಗೆ ಅನಿವಾರ್ಯ. ತಾಲ್ಲೂಕು ಆಸ್ಪತ್ರೆಯ ಘಟಕಕ್ಕೆ ಹಳ್ಳಿಯಿಂದ ಬರುವವರು ಬಸ್ಸನ್ನೋ ಆಟೋವನ್ನೋ ಹಿಡಿಯಬೇಕು. ಒಂದೆರಡು ಸರದಿ ತಪ್ಪಿದರೂ ದೇಹದಲ್ಲಿ ನೀರು ಮತ್ತು ಪೊಟ್ಯಾಸಿಯಂ ಹೆಚ್ಚಿ ಪ್ರಾಣಾಪಾಯ ಒದಗಬಹುದು.

ಇವರಲ್ಲಿ ಬಹುತೇಕರಿಗೆ ಮಧುಮೇಹ, ರಕ್ತದೊತ್ತಡ ಅಥವಾ ಹೃದ್ರೋಗವೂ ಇರುತ್ತದೆ. ಲಸಿಕೆ ಬರುವ ಮುನ್ನ, 2020ರ ಮೊದಲ ಅಲೆಯಲ್ಲಿ, ಯುರೋಪಿನಲ್ಲಿ ಸೋಂಕು ತಗುಲಿದ ಡಯಾಲಿಸಿಸ್ ರೋಗಿಗಳ ಪೈಕಿ ಸುಮಾರು ಐವರಲ್ಲಿ ಒಬ್ಬರು ಮೃತಪಟ್ಟಿದ್ದರು.

ಲಸಿಕೆಗೆ ದೇಹ ಮಂದವಾಗಿ ಸ್ಪಂದಿಸುವುದೇಕೆ?

ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ಉಳಿಯುವ ಕಶ್ಮಲಗಳು ರೋಗನಿರೋಧಕ ವ್ಯವಸ್ಥೆಯ ಜೀವಕೋಶಗಳನ್ನು ದುರ್ಬಲಗೊಳಿಸುತ್ತವೆ. ಡಯಾಲಿಸಿಸ್ ಈ ಕಶ್ಮಲಗಳನ್ನು ಭಾಗಶಃ ಮಾತ್ರ ತೆಗೆಯಬಲ್ಲದು. ಹೀಗಾಗಿ ಲಸಿಕೆ ಪಡೆದ ನಂತರ ಪ್ರತಿಕಾಯಗಳು ನಿಧಾನವಾಗಿ, ಕಡಿಮೆ ಪ್ರಮಾಣದಲ್ಲಿ ಹುಟ್ಟುತ್ತವೆ ಮತ್ತು ಬೇಗನೆ ಕ್ಷೀಣಿಸುತ್ತವೆ.

ಇದು ವೈದ್ಯಲೋಕಕ್ಕೆ ಹೊಸ ಸಂಗತಿಯೇನಲ್ಲ. ಹೆಪಟೈಟಿಸ್-ಬಿ ಲಸಿಕೆಯ ವಿಷಯದಲ್ಲಿ ಇದು ದಶಕಗಳ ಹಿಂದೆಯೇ ಕಂಡುಬಂದಿತ್ತು. ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ ತಲಾ 20 ಮೈಕ್ರೋಗ್ರಾಂನ ಮೂರು ಡೋಸ್ ಸಾಕಾಗುತ್ತದೆ. ಡಯಾಲಿಸಿಸ್ ರೋಗಿಗಳಿಗೆ ತಲಾ 40 ಮೈಕ್ರೋಗ್ರಾಂನಂತೆ ನಾಲ್ಕು ಡೋಸ್ ನೀಡಿ, ವರ್ಷಕ್ಕೊಮ್ಮೆ ಪ್ರತಿಕಾಯದ ಮಟ್ಟ ಪರೀಕ್ಷಿಸಿ, ಅದು ಕುಸಿದಿದ್ದರೆ ಮತ್ತೊಂದು ಡೋಸ್ ನೀಡುವ ಪದ್ಧತಿ ರೂಢಿಯಲ್ಲಿದೆ.

ಹೀಗಿದ್ದರೂ ಕೊರೊನಾ ಲಸಿಕೆಗಳ ಆರಂಭಿಕ ಪ್ರಯೋಗಗಳಲ್ಲಿ ಡಯಾಲಿಸಿಸ್ ರೋಗಿಗಳಿಗೆ ಸ್ಥಾನ ದೊರೆತದ್ದು ವಿರಳ. ಅವರ ವಿಷಯದಲ್ಲಿ ಲಸಿಕೆ ಎಷ್ಟು ಫಲಕಾರಿ ಎಂಬುದು ತಿಳಿದದ್ದು ಸಾಮೂಹಿಕ ಲಸಿಕಾಕರಣ ಆರಂಭವಾದ ಬಳಿಕವೇ.

ಅಧ್ಯಯನಗಳು ಹೇಳುವುದೇನು?

ಇಸ್ರೇಲಿನಲ್ಲಿ 56 ಡಯಾಲಿಸಿಸ್ ರೋಗಿಗಳಿಗೆ ಫೈಜರ್ ಲಸಿಕೆಯ ಎರಡು ಡೋಸ್ ನೀಡಿ ಪರೀಕ್ಷಿಸಿದಾಗ ಶೇ. 96 ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದವು. ಇದು ಸಮಾಧಾನ ತಂದ ಸುದ್ದಿ. ಆದರೆ ಅವರ ಪ್ರತಿಕಾಯದ ಮಟ್ಟ ಹೋಲಿಕೆಗೆ ಆರಿಸಿಕೊಂಡಿದ್ದ ಇತರರ ಮಟ್ಟದ ಅರ್ಧವನ್ನೂ ಮುಟ್ಟಿರಲಿಲ್ಲ.

ಅಮೆರಿಕದ ಸಂಶೋಧಕರು ಲಸಿಕೆ ಪಡೆದ 2,563 ಡಯಾಲಿಸಿಸ್ ರೋಗಿಗಳ ರಕ್ತವನ್ನು ತಿಂಗಳುಗಟ್ಟಲೆ ಪರೀಕ್ಷಿಸಿದರು. ಲಸಿಕೆ ಪೂರ್ಣಗೊಂಡು 14ರಿಂದ 30 ದಿನಗಳಾದಾಗ ಪ್ರತಿಕಾಯ ಪತ್ತೆಯಾಗದವರು ಶೇ. 6.6 ಮಾತ್ರ. ಐದಾರು ತಿಂಗಳು ಕಳೆಯುವಷ್ಟರಲ್ಲಿ ಅವರ ಪ್ರಮಾಣ ಶೇ. 20.2ಕ್ಕೆ ಏರಿತ್ತು. ಪ್ರತಿಕಾಯ ತೀರಾ ಕಡಿಮೆಯಿದ್ದವರಲ್ಲಿ, ಹೆಚ್ಚಿದ್ದವರಿಗಿಂತ ಸುಮಾರು ಹನ್ನೊಂದೂವರೆ ಪಟ್ಟು ಅಧಿಕವಾಗಿ ಸೋಂಕು ಕಾಣಿಸಿಕೊಂಡಿತು.

ಹಾಗಾದರೆ ಲಸಿಕೆ ನಿರರ್ಥಕವೇ? ಅಲ್ಲ. ಕೆನಡಾದ ಒಂಟಾರಿಯೋ ಪ್ರಾಂತ್ಯದ 13,759 ಡಯಾಲಿಸಿಸ್ ರೋಗಿಗಳನ್ನು ಕುರಿತ ಅಧ್ಯಯನದ ಪ್ರಕಾರ, ಎರಡು ಡೋಸ್ ಪಡೆದವರಲ್ಲಿ ಸೋಂಕಿನ ಸಂಭವ ಶೇ. 69ರಷ್ಟು ಇಳಿದಿತ್ತು, ಆಸ್ಪತ್ರೆ ಸೇರುವ ಅಥವಾ ಸಾವನ್ನಪ್ಪುವ ಸಂಭವ ಶೇ. 83ರಷ್ಟು ತಗ್ಗಿತ್ತು. ಒಂದೇ ಡೋಸ್ ಪಡೆದವರಲ್ಲಿ ಈ ಪ್ರಮಾಣಗಳು ಕ್ರಮವಾಗಿ ಶೇ. 41 ಮತ್ತು ಶೇ. 46 ಆಗಿದ್ದವು. ಅಂದರೆ ಡೋಸ್‌ಗಳ ಸಂಖ್ಯೆ ಮತ್ತು ಅವು ಕೈಸೇರುವ ಸಮಯ ಈ ರೋಗಿಗಳ ಪಾಲಿಗೆ ನಿರ್ಣಾಯಕ.

ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಾದ ಕೋವಿಶೀಲ್ಡ್, ಆಸ್ಟ್ರಾಜೆನೆಕಾ ಲಸಿಕೆಯ ಭಾರತೀಯ ರೂಪ. ಈ ಲಸಿಕೆಯ ಎರಡು ಡೋಸ್ ಪಡೆದು, ಹಿಂದೆ ಸೋಂಕು ತಗುಲದಿದ್ದ ಡಯಾಲಿಸಿಸ್ ರೋಗಿಗಳಲ್ಲಿ ಡೆಲ್ಟಾ ರೂಪಾಂತರಿಯನ್ನು ತಡೆಯುವ ಪ್ರತಿಕಾಯಗಳು ಫೈಜರ್ ಪಡೆದವರಿಗಿಂತ ಕಡಿಮೆ ಇದ್ದುದನ್ನು ಬ್ರಿಟನ್ನಿನ ಸಂಶೋಧಕರು 2021ರಲ್ಲಿ ವರದಿ ಮಾಡಿದರು. ಮೂರನೆಯ ಡೋಸ್ ನಂತರ ಪ್ರತಿಕಾಯದ ಮಟ್ಟ ಗಣನೀಯವಾಗಿ ಏರುವುದು ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು. ಫ್ರಾನ್ಸ್ 2021ರ ಏಪ್ರಿಲ್‌ನಲ್ಲೇ ಡಯಾಲಿಸಿಸ್ ರೋಗಿಗಳಿಗೆ ಮೂರನೆಯ ಡೋಸ್ ಶಿಫಾರಸು ಮಾಡಿತ್ತು.

ಭಾರತದಲ್ಲಿ ವಯಸ್ಸೇ ಅಡ್ಡಗೋಡೆ

2021ರ ಮಾರ್ಚ್ 1ರಂದು 60 ದಾಟಿದವರೊಂದಿಗೆ, 45ರಿಂದ 59 ವರ್ಷದೊಳಗಿನ ಅನ್ಯರೋಗ ಪೀಡಿತರಿಗೂ ಲಸಿಕೆ ನೀಡಿಕೆ ಆರಂಭವಾಯಿತು. ಕೇಂದ್ರ ಸರ್ಕಾರ ಗುರುತಿಸಿದ 20 ರೋಗಗಳ ಪಟ್ಟಿಯಲ್ಲಿ ಡಯಾಲಿಸಿಸ್ ಹಂತದ ಮೂತ್ರಪಿಂಡ ವೈಫಲ್ಯವೂ ಸೇರಿತ್ತು. ಆದರೆ 45 ತುಂಬದವರಿಗೆ, ಅವರು ಡಯಾಲಿಸಿಸ್‌ನಲ್ಲಿದ್ದರೂ, ಅವಕಾಶ ದೊರೆತದ್ದು ಮೇ 1ರಿಂದ. ಅಷ್ಟರಲ್ಲಿ ಎರಡನೆಯ ಅಲೆ ದೇಶವನ್ನು ಆವರಿಸಿತ್ತು. ಮೇ ಮಧ್ಯಭಾಗದಲ್ಲಿ ಕೋವಿಶೀಲ್ಡ್ ಡೋಸ್‌ಗಳ ನಡುವಿನ ಅಂತರವನ್ನು 12ರಿಂದ 16 ವಾರಗಳಿಗೆ ವಿಸ್ತರಿಸಲಾಯಿತು. ಡಯಾಲಿಸಿಸ್ ರೋಗಿಗಳೂ ಇದೇ ಅಂತರಕ್ಕೆ ಒಳಪಟ್ಟರು.

ಮೂರನೆಯ ಡೋಸ್ ವಿಷಯದಲ್ಲೂ ಇದೇ ಪುನರಾವರ್ತನೆಯಾಯಿತು. 2022ರ ಜನವರಿ 10ರಂದು ಆರಂಭವಾದ ಮುನ್ನೆಚ್ಚರಿಕೆ ಡೋಸ್ ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ ಮತ್ತು 60 ದಾಟಿದ ಅನ್ಯರೋಗ ಪೀಡಿತರಿಗೆ ಸೀಮಿತವಾಗಿತ್ತು. ಎರಡನೆಯ ಡೋಸ್ ಪಡೆದು ಒಂಬತ್ತು ತಿಂಗಳು ಕಳೆದಿರಬೇಕೆಂಬ ಷರತ್ತೂ ಇತ್ತು. ಉಳಿದ ವಯಸ್ಕರಿಗೆ ಏಪ್ರಿಲ್ 10ರಿಂದ ಖಾಸಗಿ ಕೇಂದ್ರಗಳಲ್ಲಿ ಹಣ ತೆತ್ತು ಪಡೆಯುವ ಅವಕಾಶ ದೊರೆಯಿತು. ಜುಲೈ 15ರಿಂದ 75 ದಿನಗಳ ಕಾಲ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಯಿತು. ಒಮೈಕ್ರಾನ್ ಅಲೆ ಅದಕ್ಕೂ ಮುನ್ನವೇ, ವರ್ಷದ ಆರಂಭದಲ್ಲೇ ಬಂದು ಹೋಗಿತ್ತು.

ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಮೂತ್ರಪಿಂಡ ವೈಫಲ್ಯ ಕಿರಿಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ದುಡಿಯುವ ವಯಸ್ಸಿನ ಅನೇಕರು ಡಯಾಲಿಸಿಸ್ ಹಾಸಿಗೆಯಲ್ಲಿದ್ದಾರೆ. ಐದಾರು ತಿಂಗಳಲ್ಲಿ ಪ್ರತಿಕಾಯ ಕರಗುವ ರೋಗಿಗೆ ಒಂಬತ್ತು ತಿಂಗಳ ಅಂತರ, ಅದರ ಮೇಲೆ ವಯಸ್ಸಿನ ಮಿತಿ ಎಂಬ ವ್ಯವಸ್ಥೆ ಹೊಂದಿಕೆಯಾಗುವಂಥದ್ದಲ್ಲ. ಮುಂದೆ ಇಂಥದೇ ಸಂದರ್ಭ ಒದಗಿದಲ್ಲಿ ಆದ್ಯತೆಯನ್ನು ವಯಸ್ಸಿನ ಬದಲು ರೋಗದ ಸ್ಥಿತಿಯಿಂದ ಅಳೆಯಬೇಕಾದ ಅಗತ್ಯವನ್ನು ಈ ಅನುಭವ ಎತ್ತಿ ತೋರಿಸುತ್ತದೆ.

ರೋಗಿಗಳು ತಿಳಿದಿರಬೇಕಾದುದು

ಡಯಾಲಿಸಿಸ್ ಮಾಡಿದರೆ ಲಸಿಕೆಯ ಫಲ ರಕ್ತದಿಂದ ತೊಳೆದುಹೋಗುವುದೇ ಎಂಬುದು ಹಲವರ ಸಂದೇಹ. ಹಾಗಾಗುವುದಿಲ್ಲ. ರಕ್ತದ ಡಯಾಲಿಸಿಸ್‌ನಲ್ಲಿ ಬಳಸುವ ಸೋಸುಪೊರೆಯ ರಂಧ್ರಗಳ ಮೂಲಕ ಹಾದುಹೋಗಲಾಗದಷ್ಟು ದೊಡ್ಡ ಗಾತ್ರ ಪ್ರತಿಕಾಯಗಳದು. ಹೊಟ್ಟೆಯ ಪೊರೆಯ ಮೂಲಕ ನಡೆಸುವ ಡಯಾಲಿಸಿಸ್‌ನಲ್ಲಿ ಮಾತ್ರ ಅವು ಸ್ವಲ್ಪ ಪ್ರಮಾಣದಲ್ಲಿ ನಷ್ಟವಾಗುತ್ತವೆ.

ಫಿಸ್ಟುಲಾ ಇರುವ ಕೈಗೆ ಲಸಿಕೆ ಬೇಡ; ಇನ್ನೊಂದು ಕೈಗೆ ಹಾಕಿಸಿಕೊಳ್ಳಬೇಕು. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ನೀಡುವುದರಿಂದ, ಅಂದೇ ಲಸಿಕೆ ಪಡೆದಲ್ಲಿ ಚುಚ್ಚಿದ ಜಾಗವನ್ನು ಕೆಲ ನಿಮಿಷ ಒತ್ತಿ ಹಿಡಿಯುವುದು ಒಳಿತು.

ಕಿಡ್ನಿ ಕಸಿಗೆ ಕಾದಿರುವವರು ಲಸಿಕೆಗಳನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಪೂರ್ಣಗೊಳಿಸುವುದು ಲೇಸು. ಕಸಿಯ ನಂತರ ಸೇವಿಸುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ಮತ್ತಷ್ಟು ಕುಗ್ಗಿಸುತ್ತವೆ. ಅಂಗಾಂಗ ಕಸಿ ಮಾಡಿಸಿಕೊಂಡ 658 ಮಂದಿಯನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಎರಡು ಡೋಸ್ ಬಳಿಕವೂ ಶೇ. 46 ಮಂದಿಯಲ್ಲಿ ಪ್ರತಿಕಾಯ ಪತ್ತೆಯಾಗಿರಲಿಲ್ಲ.

ಹಿಂದೆ ಲಸಿಕೆ ಪಡೆದಿದ್ದೇವೆ ಎಂಬ ಧೈರ್ಯದಿಂದ ಜ್ವರ, ಕೆಮ್ಮನ್ನು ಅಲಕ್ಷಿಸಬಾರದು. ಲಕ್ಷಣ ಕಂಡೊಡನೆ ಡಯಾಲಿಸಿಸ್ ಕೇಂದ್ರಕ್ಕೆ ಮೊದಲೇ ತಿಳಿಸಿ, ಮುಖಗವಸು ಧರಿಸಿ ಹೋಗಬೇಕು. ಸರದಿಯನ್ನು ಮಾತ್ರ ತಪ್ಪಿಸಬಾರದು. ಕೊನೆಯ ಡೋಸ್ ಪಡೆದ ದಿನಾಂಕವನ್ನು ಡಯಾಲಿಸಿಸ್ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಡೋಸ್‌ನ ಅಗತ್ಯವನ್ನು ಮೂತ್ರಪಿಂಡ ತಜ್ಞರಲ್ಲಿ ಕೇಳಿ ನಿರ್ಧರಿಸುವುದು ಸೂಕ್ತ. ರೋಗಿಯೊಡನೆ ವಾಸಿಸುವವರೂ ಲಸಿಕೆ ಪಡೆದಿದ್ದರೆ, ಸೋಂಕು ಮನೆಯೊಳಗೆ ಬರುವ ಸಂಭವ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.