ಅಕ್ಕಿಯ ಬಲ, ಕಡಲಿನ ಕರಾರು

1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಮೈಸೂರು ಸಂಸ್ಥಾನಕ್ಕೆ ಒಂದು ಗೇಣು ಕಡಲತೀರವೂ ಇರಲಿಲ್ಲ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರಿನ ಜೊತೆಗೆ ಗೆದ್ದುಕೊಂಡ ಕರಾವಳಿ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿತ್ತು. ಅದು ಮರಳಿ ಸೇರಿದ್ದು 1956ರಲ್ಲಿ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ವಿದ್ವಾಂಸರು ನಾಡಿನ ಚರಿತ್ರೆಯನ್ನು ಕಟ್ಟಿಕೊಟ್ಟದ್ದು ಬಹುಪಾಲು ಈ ನಡುವಿನ ಕಾಲದಲ್ಲಿ. ಕೋಟೆ, ಕೆರೆ, ಗುಡಿ, ಶಾಸನಗಳಿಗೆ ಸಿಕ್ಕ ಗಮನ ಬಂದರುಗಳಿಗೆ ಸಿಗಲಿಲ್ಲ. ಹಾಗಾಗಿ ರಾಜ್ಯ ರಾಜ್ಯಗಳ ನಡುವಿನ ಕಡಲ ಕಾನೂನಿನ ಮಾತು ಬಂದರೆ ಇಂದಿಗೂ ನಾವು ಹಾಲೆಂಡಿನ ಗ್ರೋಷಿಯಸ್‌ನಿಂದ ಶುರುಮಾಡುತ್ತೇವೆ. ಆದರೆ ಅಂಥ ಕಾನೂನು ರೂಪುಗೊಂಡ ನೆಲಗಳಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರುಗಳೂ ಸೇರುತ್ತವೆ, ಅದನ್ನು ರೂಪಿಸಿದವರಲ್ಲಿ ಕೆಳದಿಯ ಅರಸರೂ ಇದ್ದಾರೆ ಎಂಬುದು ನನ್ನ ವಾದ.

ಈ ತೀರದವರಿಗೂ ಪೋರ್ಚುಗೀಸರಿಗೂ ನಡೆದ ಜಗಳದ ಮೂಲದಲ್ಲಿದ್ದದ್ದು ಒಂದು ಕಾಗದ. ಪೋರ್ಚುಗೀಸರು ಅದನ್ನು ಕರ್ತಾಜ್ ಎನ್ನುತ್ತಿದ್ದರು. ಹಡಗಿನ ಹೆಸರು, ನಾಖುದನ ಎಂದರೆ ಹಡಗಿನ ನಾಯಕನ ಹೆಸರು, ಹಡಗು ಹೊರುವ ಭಾರ, ಅದರಲ್ಲಿರುವ ಆಯುಧ, ಹೊರಡುವ ಮತ್ತು ಮುಟ್ಟುವ ಬಂದರು ಇವೆಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಯಾವ ಸರಕು ಒಯ್ಯಕೂಡದು, ಯಾರನ್ನು ಹತ್ತಿಸಿಕೊಳ್ಳಕೂಡದು ಎಂಬುದೂ ಅಲ್ಲೇ ಇರುತ್ತಿತ್ತು. ಕಾಗದಕ್ಕೆ ಕೊಡುವ ಹಣ ಅಲ್ಪವೇ. ನಿಜವಾದ ಭಾರವೆಂದರೆ ಪೋರ್ಚುಗೀಸರ ಬಂದರಿಗೆ ಹೋಗಿ ಸುಂಕ ತೆರಬೇಕಾದದ್ದು. ಕಾಗದವಿಲ್ಲದ ಹಡಗು ಸಿಕ್ಕಿದರೆ ಸರಕಿನ ಸಮೇತ ಜಪ್ತಿ. ತಲೆಮಾರುಗಳಿಂದ ಯಾರನ್ನೂ ಕೇಳದೆ ಹಾಯುತ್ತಿದ್ದ ನೀರಿನ ಮೇಲೆ ಅಪ್ಪಣೆ ಬೇಕೆನ್ನುವುದು ಈ ತೀರದ ವರ್ತಕರಿಗೆ ಹೊಸ ಅನುಭವ. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಪೋರ್ಚುಗೀಸರ ಕೋಟೆ ಎದ್ದ ಮೇಲೆ ಅಪ್ಪಣೆಗೆ ತೋಪಿನ ಬಲವೂ ಸೇರಿತು.

ಇದು ಬರೀ ದರೋಡೆ, ಇದರಲ್ಲಿ ಕಾನೂನೆಲ್ಲಿದೆ ಎಂದು ಕೇಳಬಹುದು. ಆರಂಭದ ಮಟ್ಟಿಗೆ ಆ ಆಕ್ಷೇಪ ಸರಿ. ಆದರೆ ಮುಂದಿನ ನೂರು ವರ್ಷ ನಡೆದದ್ದನ್ನು ಅದು ವಿವರಿಸುವುದಿಲ್ಲ. 1623ರಲ್ಲಿ ಗೋವಾದ ಪೋರ್ಚುಗೀಸರ ರಾಯಭಾರ ಕೆಳದಿಯ ಅಂದಿನ ರಾಜಧಾನಿ ಇಕ್ಕೇರಿಗೆ ಬಂತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅದರ ಜೊತೆಗಿದ್ದು ಕಂಡದ್ದನ್ನು ಬರೆದಿಟ್ಟಿದ್ದಾನೆ. ಕೆಳದಿಯ ಅರಸ ವೆಂಕಟಪ್ಪ ನಾಯಕನ ಕಡೆಯಿಂದ ಗೋವಾಕ್ಕೆ ಹೋಗಿದ್ದ ವಿಠಲ ಶೆಣೈ ಕೂಡ ಆ ತಂಡದಲ್ಲಿದ್ದ. ಪೋರ್ಚುಗೀಸರ ಗೆಳೆಯನಾಗಿದ್ದ ಬಂಗರಾಜನ ನೆಲವನ್ನು ನಾಯಕ ಕಿತ್ತುಕೊಂಡಿದ್ದ. ಅದನ್ನು ಹಿಂದಿರುಗಿಸೆಂದು ಕೇಳಲು ಅವರು ಘಟ್ಟ ಹತ್ತಿದ್ದರು. ನಾಯಕ ಒಪ್ಪಲಿಲ್ಲ. ಕಡಲಿನ ಒಡೆತನ ಹೇಳಿಕೊಳ್ಳುತ್ತಿದ್ದವರು ಮಲೆನಾಡಿನ ಅರಸನೊಬ್ಬನ ಓಲಗದಲ್ಲಿ ಕಾದು ಕೂರಬೇಕಾಯಿತು. ಕಾರಣ ಸರಳ. ಕಾಳುಮೆಣಸು ನಾಯಕನ ಕೈಯಲ್ಲಿತ್ತು. ಅದಕ್ಕಿಂತ ಮುಖ್ಯವಾಗಿ ಅಕ್ಕಿ ಅವನ ಕೈಯಲ್ಲಿತ್ತು. ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ಕನ್ನಡ ಕರಾವಳಿಯ ಗದ್ದೆಗಳಿಂದ.

ಈ ಪರಸ್ಪರ ಅಗತ್ಯವೇ ಕರಾರುಗಳನ್ನು ಹುಟ್ಟಿಸಿತು. 1650ರಲ್ಲಿ ಮಸ್ಕತ್ತು ಪೋರ್ಚುಗೀಸರ ಕೈತಪ್ಪಿ ಒಮಾನಿ ಅರಬರ ವಶವಾಯಿತು. ಡಚ್ಚರು ಮತ್ತೊಂದು ಕಡೆಯಿಂದ ಒತ್ತುತ್ತಿದ್ದರು. ಇದೇ ಹೊತ್ತಿನಲ್ಲಿ, 1652ರಿಂದ 1654ರ ನಡುವೆ, ಶಿವಪ್ಪ ನಾಯಕ ತೀರದ ಕೋಟೆಗಳನ್ನು ಒಂದೊಂದಾಗಿ ಗೆದ್ದುಕೊಂಡ. ಅಷ್ಟಾದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನು ಗಮನಿಸಬೇಕು. ಗೆದ್ದ ಮನೆತನವೇ ಮುಂದೆ 1671ರಲ್ಲಿ ಸೋಮಶೇಖರ ನಾಯಕನ ಕಾಲಕ್ಕೆ, ಮತ್ತೆ 1678ರಲ್ಲಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಪೋರ್ಚುಗೀಸರೊಡನೆ ಒಪ್ಪಂದಕ್ಕೆ ಕೂತಿತು. ಅವರು ಮತ್ತೆ ವ್ಯಾಪಾರದ ಕೋಠಿ ಹಾಕಿಕೊಳ್ಳಬಹುದೆಂದಾಯಿತು. 1678ರ ಕರಾರಿನಲ್ಲಿ ಮಂಗಳೂರಿನ ಕೋಠಿಗೆ ಕಲ್ಲು, ಮರ, ಗೋವಾಕ್ಕೆ ಅಕ್ಕಿ, ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಎಂಬ ಮಾತುಗಳಿವೆ. ಮಸ್ಕತ್ತಿನ ಅರಬರನ್ನು ದೂರವಿಡಬೇಕೆಂಬ ಷರತ್ತೂ ಇದೆ. ಈ ಕೊನೆಯ ಷರತ್ತನ್ನು ಪೋರ್ಚುಗೀಸರು ಯಾಕೆ ಹಾಕಿಸಿದರು? ಕೆಳದಿಗೆ ಇನ್ನೊಬ್ಬ ಗಿರಾಕಿ ಸಿಕ್ಕಿದ್ದ. ಆ ಗಿರಾಕಿಗೆ ಅಕ್ಕಿ ಬೇಕಿತ್ತು, ಅವನ ಬಳಿ ಯುದ್ಧದ ಹಡಗುಗಳೂ ಇದ್ದವು. ನನಗೆ ಇಡೀ ದಾಖಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಸಾಲು ಇದೇ.

ನ್ಯಾಯಾಲಯವಿಲ್ಲದ ಕರಾರನ್ನು ಕಾನೂನೆನ್ನಬಹುದೇ ಎಂಬುದು ಇನ್ನೊಂದು ಆಕ್ಷೇಪ. ಇಂದು 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದವಿದೆ, ಹ್ಯಾಂಬರ್ಗಿನಲ್ಲಿ ನ್ಯಾಯಮಂಡಳಿಯಿದೆ. ಆದರೂ ತೀರ್ಪು ನಡೆಯುವುದು ಒಪ್ಪಿಗೆಯ ಮೇಲೆಯೇ. 2014ರ ಜುಲೈ 7ರ ತೀರ್ಪಿನಲ್ಲಿ ಬಂಗಾಳ ಕೊಲ್ಲಿಯ ತಗಾದೆಯಲ್ಲಿದ್ದ 25,602 ಚದರ ಕಿಲೋಮೀಟರ್ ಪೈಕಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಅದನ್ನು ಒಪ್ಪಿಕೊಂಡಿತು. 2016ರಲ್ಲಿ ಫಿಲಿಪ್ಪೀನ್ಸ್ ಪರವಾಗಿ ಬಂದ ತೀರ್ಪನ್ನು ಚೀನಾ ತಿರಸ್ಕರಿಸಿತು. ಎರಡಕ್ಕೂ ಹಿಂದಿರುವ ಕಾನೂನು ಒಂದೇ. ವ್ಯತ್ಯಾಸ ಬಂದದ್ದು ನೆರೆಯವನೊಂದಿಗಿನ ಬಾಳುವೆಗೆ ಯಾರು ಎಷ್ಟು ಬೆಲೆ ಕೊಟ್ಟರು ಎಂಬುದರಿಂದ. ಕೆಳದಿಯವರೂ ಗೋವಾದವರೂ ಈ ಲೆಕ್ಕವನ್ನೇ ಹಾಕುತ್ತಿದ್ದರು. ಗ್ರೋಷಿಯಸ್ 1609ರಲ್ಲಿ ಕಡಲು ಯಾರ ಸೊತ್ತೂ ಅಲ್ಲವೆಂದು ಬರೆದಾಗ ಅವನಿಗೆ ಡಚ್ ಕಂಪನಿಯ ಪಕ್ಷ ವಹಿಸುವ ಕೆಲಸವಿತ್ತು. ಮದ್ರಾಸು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದ ಅಲೆಕ್ಸಾಂಡ್ರೊವಿಚ್ 1967ರ ತಮ್ಮ ಗ್ರಂಥದಲ್ಲಿ ಏಷ್ಯಾದ ಅರಸರು ಒಪ್ಪಂದ ಮಾಡಿಕೊಳ್ಳುವ ಸಮಾನ ಪಕ್ಷಗಳಾಗಿದ್ದರೆಂದು, ಮುಕ್ತ ಸಂಚಾರದ ರೂಢಿ ಇಲ್ಲಿ ಮೊದಲೇ ಇತ್ತೆಂದು ತೋರಿಸಿದರು. ನಮ್ಮ ಕರಾವಳಿ ಅವರ ಮಾತಿಗೆ ಗಟ್ಟಿ ಸಾಕ್ಷಿ.

ಸಾಕ್ಷಿಯನ್ನು ಎಚ್ಚರದಿಂದ ಓದಬೇಕು. ಈ ಕರಾರುಗಳು ನಮಗೆ ಸಿಗುವುದು ಹೆಚ್ಚಾಗಿ ಪೋರ್ಚುಗೀಸ್ ಭಾಷೆಯಲ್ಲಿ, ಗೋವಾ ಮತ್ತು ಲಿಸ್ಬನ್ನಿನ ಕಡತಗಳ ಮೂಲಕ. ಅಲ್ಲಿ ನಾಯಕರು ಕೊಟ್ಟದ್ದೆಲ್ಲ ಕಪ್ಪವಾಗಿ ಕಾಣುತ್ತದೆ, ಪಡೆದದ್ದು ಕೃಪೆಯಾಗಿ ಕಾಣುತ್ತದೆ. ಹೀಗಿರುವಾಗ ಕೆಳದಿಯನ್ನು ಸಮಾನ ಪಕ್ಷವೆನ್ನುವುದು ಅಭಿಮಾನದ ಮಾತಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಅದೇ ಕಡತಗಳಲ್ಲಿದೆ. ಮಳೆಗಾಲ ಕಳೆದು ಕಡಲು ತೆರೆದೊಡನೆ ಗೋವಾದಿಂದ ಕಾವಲು ಹಡಗುಗಳ ಜೊತೆ ದೋಣಿಗಳ ಸಾಲು ದಕ್ಷಿಣಕ್ಕೆ ಹೊರಡುತ್ತಿತ್ತು, ಬಸ್ರೂರು ಮಂಗಳೂರುಗಳಲ್ಲಿ ಅಕ್ಕಿ ತುಂಬಿಕೊಳ್ಳಲು.